30 ಪರ್ಸೆಂಟ್ ಕಮ್ಮಿ ಸರಿ, ಆದ್ರೆ ಯಾರಿಗಿಂತ ಕಮ್ಮಿ?

ಕಮ್ಮಿ ತಿಂದ್ರೆ ಆಯಸ್ಸು ಜಾಸ್ತಿ ಆಗತ್ತಾ ಅಂತ ನೋಡಕ್ಕೆ ಅಮೆರಿಕದಲ್ಲಿ ಎರಡು ಕಡೆ ರೀಸಸ್ ಕೋತಿಗಳನ್ನ ಸಾಕಿಕೊಂಡು ದಶಕಗಟ್ಟಲೆ ಪ್ರಯೋಗ ಮಾಡಿದ್ರು. ಒಂದು ವಯಸ್ಸಾಗೋದರ ಬಗ್ಗೆ ಸಂಶೋಧನೆ ಮಾಡೋ ಅಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್‌ನಲ್ಲಿ, 1987ರಿಂದ. ಇನ್ನೊಂದು ವಿಸ್ಕಾನ್ಸಿನ್ ಯೂನಿವರ್ಸಿಟಿಯಲ್ಲಿ, 1989ರಿಂದ. ಎರಡೂ ಕಡೆ ಲೆಕ್ಕ ಹೆಚ್ಚುಕಮ್ಮಿ ಒಂದೇ: ಒಂದು ಗುಂಪಿಗೆ ಮಾಮೂಲಿ ಊಟ, ಇನ್ನೊಂದು ಗುಂಪಿಗೆ ಸುಮಾರು 30 ಪರ್ಸೆಂಟ್ ಕ್ಯಾಲೊರಿ ಕಮ್ಮಿ, ಆದ್ರೆ ವಿಟಮಿನ್, ಮಿನರಲ್ ಯಾವುದಕ್ಕೂ ಕೊರತೆ ಮಾಡೋ ಹಾಗಿಲ್ಲ.

2009ರಲ್ಲಿ ವಿಸ್ಕಾನ್ಸಿನ್‌ನವರ ರಿಸಲ್ಟ್ ಬಂತು. ಕಮ್ಮಿ ತಿಂದ ಕೋತಿಗಳಲ್ಲಿ 80 ಪರ್ಸೆಂಟ್ ಇನ್ನೂ ಬದುಕಿದ್ವು, ಬೇಕಾದಷ್ಟು ತಿಂದವುಗಳಲ್ಲಿ ಅರ್ಧ ಮಾತ್ರ ಉಳಿದಿದ್ವು. ಕ್ಯಾನ್ಸರ್, ಹೃದಯದ ಕಾಯಿಲೆ ಅರ್ಧಕ್ಕರ್ಧ ಇಳಿದಿತ್ತು, ಕಮ್ಮಿ ತಿಂದ ಒಂದು ಕೋತಿಗೂ ಡಯಾಬಿಟಿಸ್ ಬಂದಿರಲಿಲ್ಲ. ಎಲ್ಲರಿಗೂ ಖುಷಿ. ಮೂರೇ ವರ್ಷ, 2012ರಲ್ಲಿ ಇನ್ನೊಂದು ತಂಡ ತಮ್ಮ ಲೆಕ್ಕ ಹೇಳ್ತು, ಆಯಸ್ಸಿನಲ್ಲಿ ಏನೂ ವ್ಯತ್ಯಾಸ ಇಲ್ಲ ಅಂತ. ಒಂದೇ ಜಾತಿ ಕೋತಿ, ಒಂದೇ ಪ್ರಶ್ನೆ, ಎರಡು ಉತ್ತರ.

ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸೋದು ಆಮೇಲೆ ಆಗಿದ್ದು. ಇಬ್ಬರೂ ಜಗಳ ಆಡ್ತಾ ಕೂರದೆ ತಮ್ಮ ಲೆಕ್ಕದ ಪುಸ್ತಕಗಳನ್ನ ಒಟ್ಟಿಗೆ ಇಟ್ಕೊಂಡು ಹೋಲಿಸಿ ನೋಡಿ 2017ರಲ್ಲಿ ಜೊತೆಯಾಗೇ ಪ್ರಕಟ ಮಾಡಿದ್ರು. ನೋಡಿದ್ರೆ "ಮಾಮೂಲಿ ಊಟ" ಅನ್ನೋದೇ ಎರಡೂ ಕಡೆ ಬೇರೆ ಬೇರೆ ಇತ್ತು. ವಿಸ್ಕಾನ್ಸಿನ್‌ನಲ್ಲಿ ಮಾಮೂಲಿ ಗುಂಪಿನ ಕೋತಿಗಳು ಎಷ್ಟು ಬೇಕಾದ್ರೂ ತಿನ್ನಬಹುದಿತ್ತು, ಆ ಆಹಾರದಲ್ಲಿ ಸುಮಾರು 28 ಪರ್ಸೆಂಟ್ ಸಕ್ಕರೆ, ಹಾಗಾಗಿ ಅವು ಚೆನ್ನಾಗಿ ಕೊಬ್ಬಿದ್ವು. ಇನ್ನೊಂದು ಕಡೆ ಸಕ್ಕರೆ 4 ಪರ್ಸೆಂಟ್ ಕೂಡ ಇರಲಿಲ್ಲ, ಮಾಮೂಲಿ ಗುಂಪಿಗೂ ಅಳತೆ ಮಾಡಿಯೇ ಕೊಡ್ತಿದ್ರು. ಅಂದ್ರೆ ಅಲ್ಲಿ "ಮಾಮೂಲಿ" ಅನ್ನಿಸಿಕೊಂಡ ಕೋತಿ ಆಗಲೇ ಮಿತವಾಗಿ ತಿನ್ನೋ ಕೋತಿ, ಅದಕ್ಕಿಂತ ಇನ್ನೂ ಕಮ್ಮಿ ಮಾಡಿದಾಗ ಸಿಕ್ಕ ಹೆಚ್ಚುವರಿ ಲಾಭ ಅಷ್ಟಕ್ಕಷ್ಟೇ.

ಇದನ್ನ ಸರಿಯಾಗಿ ಗಮನಿಸಬೇಕು. ಕ್ಯಾಲೊರಿ ಕಮ್ಮಿ ಮಾಡೋದ್ರಿಂದ ಸಿಗೋ ಲಾಭದಲ್ಲಿ ದೊಡ್ಡ ಪಾಲು ಅತಿಯಾಗಿ ತಿನ್ನೋದನ್ನ ನಿಲ್ಲಿಸೋದ್ರಿಂದ ಬರೋದು, ಹೊಟ್ಟೆಗೆ ಕಷ್ಟ ಕೊಟ್ಟಿದ್ದಕ್ಕೆ ಸಿಗೋ ಬಹುಮಾನ ಅಲ್ಲ. ಇನ್ನೊಂದು ವಿಷಯನೂ ಆ ಹೋಲಿಕೆಯಲ್ಲಿ ಹೊರಗೆ ಬಂತು, ಎಳೇ ವಯಸ್ಸಿನಲ್ಲೇ ಊಟ ಕಮ್ಮಿ ಮಾಡಿದ ಕೋತಿಗಳಿಗೆ ಆಯಸ್ಸು ಜಾಸ್ತಿ ಆಗಲಿಲ್ಲ, ಬೆಳೆದು ದೊಡ್ಡವಾದ ಮೇಲೆ ಶುರು ಮಾಡಿದವುಗಳಿಗೇ ಲಾಭ ಕಂಡಿದ್ದು. 16ನೇ ವರ್ಷಕ್ಕೆ ಶುರು ಮಾಡಿದ ಒಂದು ಗಂಡು ಕೋತಿ 43 ವರ್ಷ ಮುಟ್ಟಿತು, ಸಾಕಿದ ರೀಸಸ್ ಕೋತಿಯ ಸರಾಸರಿ ಆಯಸ್ಸು 26 ವರ್ಷದ ಆಸುಪಾಸು ಅಂತ ನೆನಪಿಟ್ಕೊಂಡು ಇದನ್ನ ಓದಿ.

ಈ ಕಥೆ ಶುರುವಾಗಿದ್ದು ಇಲಿಗಳಿಂದ. 1935ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯ ಕ್ಲೈವ್ ಮೆಕೇ ಮತ್ತು ಜೊತೆಯವರು ಒಂದಷ್ಟು ಇಲಿಗಳಿಗೆ ಕ್ಯಾಲೊರಿ ಕಡಿತ ಮಾಡಿ, ಪೋಷಕಾಂಶ ಮಾತ್ರ ಪೂರ್ತಿ ಕೊಟ್ಟು ಬೆಳೆಸಿದ್ರು. ಬೇಗ ಬೆಳೆಯೋ ಪ್ರಾಣಿನೇ ಆರೋಗ್ಯವಂತ ಪ್ರಾಣಿ ಅಂತ ನಂಬಿದ್ದ ಕಾಲ ಅದು. ಆದ್ರೆ ಬೆಳವಣಿಗೆ ಕುಂಠಿತ ಆದ ಗಂಡು ಇಲಿಗಳೇ ಹೊಟ್ಟೆತುಂಬ ತಿಂದವುಗಳಿಗಿಂತ ಎಷ್ಟೋ ಜಾಸ್ತಿ ದಿನ ಬದುಕಿದ್ವು. ಆ ಪ್ರಯೋಗದಲ್ಲಿ ಹೆಣ್ಣು ಇಲಿಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ ಅನ್ನೋದನ್ನ ಜನ ಸಾಮಾನ್ಯವಾಗಿ ಹೇಳೋದೇ ಇಲ್ಲ. ಆಮೇಲೆ ಯೀಸ್ಟ್, ಹುಳು, ನೊಣ, ಚಿಕ್ಕ ಜಾತಿಯ ಇಲಿ ಹೀಗೆ ಒಂದಾದ ಮೇಲೆ ಒಂದರಲ್ಲಿ ಇದೇ ತರದ ಫಲಿತಾಂಶ ಬಂತು.

ಒಳಗೆ ಏನಾಗತ್ತೆ ಅಂದ್ರೆ, ನಮ್ಮ ಜೀವಕೋಶಗಳಲ್ಲಿ ಎಂಟಾರ್ ಅನ್ನೋ ಒಂದು ಪ್ರೋಟೀನ್ ಇದೆ, ಆಹಾರ ಧಾರಾಳವಾಗಿದ್ದಾಗ ಅದು ಚುರುಕಾಗಿ "ಬೆಳಿ, ಹೊಸದು ಕಟ್ಟು" ಅಂತ ಸಂದೇಶ ಕೊಡ್ತಾ ಇರತ್ತೆ. ಇನ್ಸುಲಿನ್ ಕೂಡ ಅದಕ್ಕೇ ಕುಮ್ಮಕ್ಕು ಕೊಡತ್ತೆ. ಆಹಾರ ಕಮ್ಮಿ ಆದಾಗ ಎಂಟಾರ್ ತಣ್ಣಗಾಗತ್ತೆ, ಎಎಂಪಿಕೆ ಅನ್ನೋ ಇನ್ನೊಂದು ಕಿಣ್ವ ಎಚ್ಚರ ಆಗತ್ತೆ, ಆಗ ಜೀವಕೋಶ, ಕೈಯಲ್ಲಿ ದುಡ್ಡು ಕಮ್ಮಿ ಇರೋ ತಿಂಗಳು ಹೊಸ ರೂಮ್ ಕಟ್ಟಿಸೋ ಯೋಚನೆ ಬಿಟ್ಟು ಸೋರೋ ಸೂರನ್ನ ರಿಪೇರಿ ಮಾಡ್ಕೊಳ್ಳೋರ ಹಾಗೆ, ಕೆಟ್ಟುಹೋದ ಪ್ರೋಟೀನುಗಳನ್ನ, ಹಳೇ ಭಾಗಗಳನ್ನ ಒಡೆದು ಮತ್ತೆ ಬಳಸಿಕೊಳ್ಳಕ್ಕೆ ಶುರು ಮಾಡತ್ತೆ. ಇದಕ್ಕೆ ಆಟೋಫೇಜಿ ಅಂತಾರೆ, ಇದು ನಡೆಯೋ ಬಗೆ ಕಂಡುಹಿಡಿದಿದ್ದಕ್ಕೆ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಎಲ್ಲರ ದೇಹಕ್ಕೂ ಒಂದೇ ಲೆಕ್ಕ ಅಂದ್ಕೋಬೇಡಿ ಮತ್ತೆ. 2024ರಲ್ಲಿ ಜ್ಯಾಕ್ಸನ್ ಲ್ಯಾಬೊರೇಟರಿಯವರು ವಂಶವಾಹಿ ಒಂದಕ್ಕೊಂದು ಬೇರೆ ಇರೋ 960 ಹೆಣ್ಣು ಇಲಿಗಳ ಮೇಲೆ ಮಾಡಿದ ಕೆಲಸ ಪ್ರಕಟ ಆಯ್ತು. ಕ್ಯಾಲೊರಿ ಕಮ್ಮಿ ಆದಷ್ಟೂ ಸರಾಸರಿ ಆಯಸ್ಸು ಜಾಸ್ತಿ ಆಗಿದ್ದು ನಿಜ, ಆದ್ರೆ ಊಟಕ್ಕಿಂತ ಹುಟ್ಟಿನಿಂದ ಬಂದ ಜೀನ್‌ಗಳ ಪ್ರಭಾವನೇ ದೊಡ್ಡದಿತ್ತು. ಇನ್ನೂ ಆಶ್ಚರ್ಯ ಅಂದ್ರೆ, ಕಮ್ಮಿ ತಿನ್ನೋ ಗುಂಪಿನ ಒಳಗೇ ನೋಡಿದ್ರೆ ಜಾಸ್ತಿ ತೂಕ ಕಳ್ಕೊಂಡ ಇಲಿಗಳು ಬೇಗ ಸತ್ತವು, ತೂಕ ಉಳಿಸಿಕೊಂಡವು ಜಾಸ್ತಿ ದಿನ ಇದ್ವು. ತೂಕದ ಮಷಿನ್ ಮೇಲೆ ನಂಬರ್ ಇಳಿದಷ್ಟೂ ಒಳ್ಳೇದು ಅಂತ ನಂಬಿರೋರು ಇದನ್ನ ಎರಡು ಸಲ ಓದಬೇಕು.

ಇನ್ನು ಮನುಷ್ಯರ ವಿಷಯ. ಕ್ಯಾಲರಿ (CALERIE) ಅನ್ನೋ ಹೆಸರಿನದೇ ಒಂದು ಪ್ರಯೋಗ ಅಮೆರಿಕದಲ್ಲಿ ನಡೀತು. ದಪ್ಪ ಇಲ್ಲದ, ಆರೋಗ್ಯವಾಗಿರೋ ಸುಮಾರು 220 ಜನ, 21ರಿಂದ 50 ವಯಸ್ಸಿನೋರು, ಎರಡು ವರ್ಷ. ಕಷ್ಟ ಏನು ಅಂದ್ರೆ, ಎಷ್ಟು ತಿಂದ್ರಿ ಅಂತ ಕೇಳಿದ್ರೆ ಯಾರೂ ಸರಿಯಾಗಿ ಹೇಳಲ್ಲ, ಸುಳ್ಳು ಹೇಳಬೇಕು ಅಂತಲ್ಲ, ನೆನಪೇ ಹಾಗೆ, ತಿಂದಿದ್ದಕ್ಕಿಂತ ಕಮ್ಮಿನೇ ಲೆಕ್ಕ ಹಿಡಿಯತ್ತೆ. ಅದಕ್ಕೆ ಅವರಿಗೆ ವಿಶೇಷ ನೀರು ಕುಡಿಸಿದ್ರು. ಅದರಲ್ಲಿ ಹೈಡ್ರೋಜನ್ನೂ ಆಕ್ಸಿಜನ್ನೂ ಮಾಮೂಲಿಗಿಂತ ಭಾರವಾದ ಬಗೆಯವು, ತೊಂದರೆ ಏನಿಲ್ಲ. ಭಾರದ ಹೈಡ್ರೋಜನ್ ದೇಹದಿಂದ ನೀರಾಗಿ ಮಾತ್ರ ಹೊರಗೆ ಹೋಗತ್ತೆ. ಭಾರದ ಆಕ್ಸಿಜನ್ ನೀರಾಗಿಯೂ ಹೋಗತ್ತೆ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಆಗಿಯೂ ಹೋಗತ್ತೆ. ಆಗಾಗ ಮೂತ್ರ ಪರೀಕ್ಷೆ ಮಾಡಿ ಎರಡೂ ಎಷ್ಟು ಬೇಗ ಖಾಲಿ ಆದ್ವು ಅಂತ ನೋಡಿದ್ರೆ ಆ ವ್ಯತ್ಯಾಸವೇ ದೇಹ ಬಿಟ್ಟ ಕಾರ್ಬನ್ ಡೈಆಕ್ಸೈಡ್, ಅದರಿಂದ ಖರ್ಚಾದ ಕ್ಯಾಲೊರಿ ಗೊತ್ತಾಗತ್ತೆ, ಅದರ ಜೊತೆ ತೂಕದ ಏರಿಳಿತ ಸೇರಿಸಿದ್ರೆ ತಿಂದಿದ್ದೆಷ್ಟು ಅಂತಾನೂ ಸಿಗತ್ತೆ.

ಗುರಿ ಇದ್ದಿದ್ದು 25 ಪರ್ಸೆಂಟ್ ಕಡಿತ. ಆಹಾರ ತಜ್ಞರು, ಮನಃಶಾಸ್ತ್ರಜ್ಞರು ಬೆನ್ನಿಗೆ ನಿಂತಿದ್ರೂ ಸರಾಸರಿ ಆಗಿದ್ದು ಸುಮಾರು 12 ಪರ್ಸೆಂಟ್, ದಿನಕ್ಕೆ 300 ಕ್ಯಾಲೊರಿ ಹತ್ತಿರ ಹತ್ತಿರ. ಇದನ್ನ ಸೋಲು ಅಂತ ನಾನು ಒಪ್ಪಲ್ಲ, ಯಾಕಂದ್ರೆ ಅಷ್ಟಕ್ಕೇ ತೂಕ 10 ಪರ್ಸೆಂಟ್ ಇಳಿದು ಹಾಗೇ ನಿಂತಿತು, ಬಿಪಿ ಇಳೀತು, ಕೆಟ್ಟ ಕೊಲೆಸ್ಟ್ರಾಲ್ ಇಳೀತು, ದೇಹದ ಒಳಗಿನ ಉರಿಯೂತದ ಸೂಚಕಗಳೂ ಇಳಿದ್ವು, ಅದೂ ಮೊದಲೇ ಆರೋಗ್ಯವಾಗಿದ್ದ ಜನರಲ್ಲಿ! ವಯಸ್ಸಾಗ್ತಾ ಕೊಬ್ಬು ತುಂಬಿಕೊಂಡು ಕುಗ್ಗಿಹೋಗೋ ಥೈಮಸ್ ಗ್ರಂಥಿ, ಸೋಂಕಿನ ವಿರುದ್ಧ ಹೋರಾಡೋ ಟಿ ಕೋಶ ತಯಾರಾಗೋ ಜಾಗ ಅದು, ಕೆಲಸ ಮಾಡೋ ಸ್ಥಿತಿಗೆ ಸ್ವಲ್ಪ ಮರಳಿದ್ದು ಎಂಆರ್‌ಐನಲ್ಲಿ ಕಂಡಿತು. ಡಿಎನ್‌ಎ ಮೇಲಿನ ಗುರುತು ನೋಡಿ ವಯಸ್ಸಾಗೋ ವೇಗ ಅಳೆಯೋ ಒಂದು ವಿಧಾನದಲ್ಲಿ 2ರಿಂದ 3 ಪರ್ಸೆಂಟ್ ನಿಧಾನ ಆಗಿತ್ತು, ಅಂಥವೇ ಬೇರೆ ವಿಧಾನಗಳಲ್ಲಿ ಬದಲಾವಣೆ ಕಾಣಲಿಲ್ಲ. ಮನುಷ್ಯರ ಆಯಸ್ಸು ಜಾಸ್ತಿ ಆಯ್ತು ಅಂತ ಇದರಿಂದ ಹೇಳಕ್ಕೆ ಬರಲ್ಲ, ಎರಡು ವರ್ಷದಲ್ಲಿ ಅದನ್ನ ತೋರಿಸೋದು ಸಾಧ್ಯನೂ ಇಲ್ಲ. ಆರೋಗ್ಯ ಸುಧಾರಿಸಿತು ಅಂತ ಧೈರ್ಯವಾಗಿ ಹೇಳಬಹುದು.

ಇದಕ್ಕೆ ಪೂರ್ತಿ ಉಲ್ಟಾ ಇರೋದು ಎರಡನೇ ಮಹಾಯುದ್ಧದ ಕೊನೇಲಿ ಆನ್ಸೆಲ್ ಕೀಸ್ ಮಿನ್ನೆಸೋಟಾದಲ್ಲಿ ಮಾಡಿದ ಪ್ರಯೋಗ. ಆರೋಗ್ಯವಾಗಿದ್ದ 36 ಗಂಡಸರು ತಾವಾಗೇ ಒಪ್ಪಿ ಬಂದು 24 ವಾರ ಅರೆಹೊಟ್ಟೇಲಿದ್ರು, ತೂಕದಲ್ಲಿ ಕಾಲು ಭಾಗ ಹೋಯ್ತು. ಯಾವಾಗಲೂ ಚಳಿ, ತಲೆಸುತ್ತು, ಸಿಡುಕು, ಖಿನ್ನತೆ, ಕನಸಲ್ಲೂ ಊಟ, ಕೆಲವರು ಅಡುಗೆ ಪುಸ್ತಕ ಹಿಡ್ಕೊಂಡು ಗಂಟೆಗಟ್ಟಲೆ ಓದ್ತಾ ಕೂತಿರ್ತಿದ್ರು. ಹಸಿವು ಒಂದು ಮಿತಿ ದಾಟಿದ್ರೆ ಮನಸ್ಸನ್ನೂ ತಿಂದುಹಾಕತ್ತೆ, ಆಯಸ್ಸು ಜಾಸ್ತಿ ಮಾಡ್ಕೊಳ್ಳೋ ಆಸೇಲಿ ಯಾರೂ ಆ ದಾರಿ ಹಿಡೀಬಾರದು.

ಮಿತವಾಗಿ ಮಾಡಿದ್ರೂ ಒಂದು ಬೆಲೆ ಇದೆ. ಕ್ಯಾಲರಿ ಪ್ರಯೋಗದಲ್ಲೇ ಸೊಂಟದ, ಬೆನ್ನುಮೂಳೆಯ ಸಾಂದ್ರತೆ ಸ್ವಲ್ಪ ಇಳಿದಿತ್ತು, ಕೊಬ್ಬಿನ ಜೊತೆ ಮಾಂಸಖಂಡನೂ ಒಂದಿಷ್ಟು ಕರಗಿತ್ತು. ಅದಕ್ಕೂ ಮೊದಲು 2006ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವರು ಒಂದು ಒಳ್ಳೇ ಹೋಲಿಕೆ ಕೊಟ್ಟಿದ್ರು, ಒಂದು ವರ್ಷ ಬರೀ ಊಟ ಕಮ್ಮಿ ಮಾಡಿ ತೂಕ ಇಳಿಸಿದೋರ ಮೂಳೆ ತೆಳುವಾಯ್ತು, ವ್ಯಾಯಾಮ ಮಾಡಿ ಇಳಿಸಿದೋರದ್ದು ಆಗಲಿಲ್ಲ. ಹಾಗಾಗಿ ಕ್ಯಾಲೊರಿ ಕಡಿಮೆ ಮಾಡೋರು ಸಕ್ಕರೆ, ಸಿಹಿ ಪಾನೀಯ, ಎಣ್ಣೆ ಕಡೆಯಿಂದ ಕಡಿತ ಮಾಡಿ, ಪ್ರೋಟೀನ್ ಮುಟ್ಟಬೇಡಿ. ಒಂದು ಗ್ರಾಂ ಕೊಬ್ಬಲ್ಲಿ 9 ಕ್ಯಾಲೊರಿ ಇದ್ರೆ ಪ್ರೋಟೀನಲ್ಲಿ 4 ಅಷ್ಟೇ, ಅದಕ್ಕೇ ಎರಡು ದೊಡ್ಡ ಚಮಚ ಎಣ್ಣೆ ಕಮ್ಮಿ ಹಾಕಿದ್ರೆ 240 ಕ್ಯಾಲೊರಿ ಕಮ್ಮಿ ಆಯ್ತು, ತಟ್ಟೆಯಲ್ಲಿರೋ ಊಟ ಕಮ್ಮಿ ಆದಂತೆ ಕಾಣೋದೂ ಇಲ್ಲ. ಜೊತೆಗೆ ಭಾರ ಎತ್ತೋ ವ್ಯಾಯಾಮ ವಾರಕ್ಕೆ ಒಂದೆರಡು ಸಲ ಆದ್ರೂ ಇರಲಿ. ಬೆಳೆಯೋ ಮಕ್ಕಳು, ಬಸುರಿ ಬಾಣಂತಿಯರು, ಆಗಲೇ ಸಣಕಲಾಗಿರೋರು, ಊಟದ ಬಗ್ಗೆ ಮಾನಸಿಕ ತೊಂದರೆ ಅನುಭವಿಸಿರೋರು ಇದಕ್ಕೆ ಕೈ ಹಾಕಲೇಬಾರದು, ವಯಸ್ಸಾದೋರು, ಇನ್ಸುಲಿನ್ ತಗೊಳ್ಳೋರು ಡಾಕ್ಟರ್ ಹತ್ರ ಮಾತಾಡಿನೇ ಊಟದ ಅಳತೆ ಬದಲಾಯಿಸಬೇಕು.