ಗಾಳಿ ಹೆಚ್ಚಿಸಿದರೆ ಸಾರಜನಕ ಹೋಗುವುದಿಲ್ಲ

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ ನೋಡಲು ಹೋಗಿದ್ದೆ. ನೀರು ತಿಳಿಯಾಗುವ ಕೊನೆಯ ತೊಟ್ಟಿ ಕ್ಲಾರಿಫೈಯರ್. ಅದರ ತುಂಬ ಕಂದು ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಹೆಪ್ಪುಹೆಪ್ಪಾಗಿ ತೇಲುತ್ತಿತ್ತು. ‘ಗಾಳಿ ಸಾಲುತ್ತಿಲ್ಲ ಸಾರ್, ಗಾಳಿ ಊದುವ ಎರಡನೇ ಬ್ಲೋವರ್ ಕೂಡ ಹಾಕಿದ್ದೇನೆ’ ಎಂದರು ಆಪರೇಟರ್. ಗಾಳಿ ಊದುವ ಏರೇಷನ್ ಟ್ಯಾಂಕಿನ ಸ್ಲಡ್ಜ್ ಬೆರೆತ ನೀರನ್ನು ಒಂದು ಲೀಟರಿನ ಅಳತೆ ಜಾಡಿಗೆ ತುಂಬಿಸಿಟ್ಟೆವು. ಅರ್ಧ ಗಂಟೆಯಲ್ಲಿ ಸ್ಲಡ್ಜ್ ಚೆನ್ನಾಗಿಯೇ ತಳಕ್ಕಿಳಿಯಿತು, ಮೇಲೆ ತಿಳಿನೀರು ನಿಂತಿತು. ಎರಡು ಗಂಟೆ ಕಳೆದು ನೋಡಿದರೆ ಅದೇ ಸ್ಲಡ್ಜ್ ಸಣ್ಣ ಗುಳ್ಳೆಗಳನ್ನು ಕಟ್ಟಿಕೊಂಡು ಇಡಿಯಾಗಿ ಮೇಲೆದ್ದಿತ್ತು. ಆ ಗುಳ್ಳೆಗಳೇ ಸಾರಜನಕ. ಸಾರಜನಕವನ್ನು ಅನಿಲವಾಗಿಸುವ, ಮೊದಲೇ ಆಗಬೇಕಿದ್ದ ಕೆಲಸ ಕೊನೆಯ ತೊಟ್ಟಿಯಲ್ಲಿ ನಡೆಯುತ್ತಿತ್ತು.

ಕೊಳಚೆಯಲ್ಲಿರುವ ಸಾರಜನಕದ ಬಹುಪಾಲು ಮೂತ್ರದ್ದು. ಅದು ಅಮೋನಿಯಾ ಆಗಿ ಬರುತ್ತದೆ. ಗಾಳಿಯಿರುವ ಕಡೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಒಂದು ಗ್ರಾಂ ಸಾರಜನಕಕ್ಕೆ ಸುಮಾರು 4.57 ಗ್ರಾಂ ಆಮ್ಲಜನಕ, 7.14 ಗ್ರಾಂ ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಖರ್ಚು. ಇಷ್ಟು ವಿದ್ಯುತ್ ಸುಟ್ಟರೂ ಸಾರಜನಕ ನೀರಿನಲ್ಲೇ ಉಳಿಯುತ್ತದೆ. ಕೆರೆಯ ಪಾಚಿಗೆ, ಅಂತರಗಂಗೆಗೆ ನೈಟ್ರೇಟೂ ಗೊಬ್ಬರವೇ.

ಅದು ಅನಿಲವಾಗಿ ಹಾರಿಹೋಗಬೇಕಾದರೆ ಗಾಳಿಯಿಲ್ಲದ ತೊಟ್ಟಿ ಬೇಕು, ಬ್ಯಾಕ್ಟೀರಿಯಾಗೆ ಆಹಾರವಾಗಿ ಇಂಗಾಲ ಬೇಕು. ಆ ಆಹಾರ ಹಸಿ ಕೊಳಚೆಯಲ್ಲೇ ಇದೆ. ಹಾಗಾಗಿ ಈ ಗಾಳಿಯಿಲ್ಲದ, ಅಂದರೆ ಅನಾಕ್ಸಿಕ್ ತೊಟ್ಟಿಯನ್ನು ಏರೇಷನ್‌ಗಿಂತ ಮುಂಚೆ ಇಟ್ಟು, ನೈಟ್ರೇಟ್ ತುಂಬಿದ ನೀರನ್ನು ಅಲ್ಲಿಗೆ ಮರಳಿ ಪಂಪ್ ಮಾಡುತ್ತೇವೆ. ಲೆಕ್ಕ ಸರಳ: ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಸಾರಜನಕ ಹುಟ್ಟುತ್ತದೆ ಎನ್ನಿ. ಕ್ಲಾರಿಫೈಯರಿನಿಂದ ಮರಳುವ ಸ್ಲಡ್ಜ್ ಸೇರಿ ಒಳಹರಿವಿನ ಮೂರು ಪಟ್ಟು ಹಿಂದಕ್ಕೆ ಕಳಿಸಿದರೆ, ಆಹಾರ ಸಾಕಷ್ಟಿದ್ದಲ್ಲಿ, ಹೊರಹೋಗುವುದು ಕಾಲು ಭಾಗ, ಅಂದರೆ 10. ಅನಿಲವಾದ ಸಾರಜನಕಕ್ಕೆ ಖರ್ಚಾಗಿದ್ದ ಕ್ಷಾರತೆಯಲ್ಲೂ ಅರ್ಧದಷ್ಟು ವಾಪಸ್ ಸಿಗುತ್ತದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಟ್ಟು ಸಾರಜನಕಕ್ಕೆ ಹೇಳಿದ ಮಿತಿಯೂ ಲೀಟರಿಗೆ 10 ಮಿಲಿಗ್ರಾಂ. ಆದ್ದರಿಂದ ವಿನ್ಯಾಸದಲ್ಲಿ ನಾನು ಮೂರು ಪಟ್ಟಿಗೆ ನಿಲ್ಲುವುದಿಲ್ಲ, ನಾಲ್ಕು ಪಟ್ಟಿಗೆ ಪಂಪ್ ಇಡುತ್ತೇನೆ.

ನನಗೆ ಹೊಟ್ಟೆ ಉರಿಯುವುದು, ಬಂದ ಕೊಳಚೆಯನ್ನು ಮೊದಲು ಕೂಡಿಡುವ ಈಕ್ವಲೈಸೇಷನ್ ಟ್ಯಾಂಕ್ ನೋಡಿದಾಗ. ವಾಸನೆ ಬಾರದಿರಲಿ ಎಂದು ಅಲ್ಲಿ ಹಗಲಿರುಳು ಗಾಳಿ ಊದುತ್ತಾರೆ. ಸುಲಭವಾಗಿ ಜೀರ್ಣವಾಗುವ ಇಂಗಾಲವೆಲ್ಲ ಅಲ್ಲೇ ಖಾಲಿ. ಮುಂದಿನ ತೊಟ್ಟಿಗೆ ಬೇಕಾದ ಊಟವನ್ನು ಬಾಗಿಲಲ್ಲೇ ಚೆಲ್ಲಿದ ಹಾಗೆ. ಕಲಕುವಷ್ಟು ಗಾಳಿ ಸಾಕು.

ಕೊಳಚೆಯಲ್ಲಿರುವ ಇನ್ನೊಂದು ಗೊಬ್ಬರವಾದ ರಂಜಕದ (ಫಾಸ್ಫರಸ್) ದಾರಿ ಬೇರೆ. ಅದು ಅನಿಲವಾಗುವುದಿಲ್ಲ, ಹೋದರೆ ಸ್ಲಡ್ಜ್ ಜೊತೆಗೇ ಹೋಗಬೇಕು. ಅನಾಕ್ಸಿಕ್‌ಗಿಂತಲೂ ಮುಂಚೆ ಇಡುವ, ಆಮ್ಲಜನಕವೂ ನೈಟ್ರೇಟೂ ಇಲ್ಲದ ಮೊದಲ ತೊಟ್ಟಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ರಂಜಕ ಬಿಟ್ಟು ಆಹಾರ ತುಂಬಿಕೊಳ್ಳುತ್ತವೆ. ಗಾಳಿ ಸಿಕ್ಕಾಗ ಬಿಟ್ಟದ್ದಕ್ಕಿಂತ ಹೆಚ್ಚು ಹೀರುತ್ತವೆ. ದೊಡ್ಡ ಘಟಕದಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಚಿಕ್ಕ ಘಟಕಗಳಲ್ಲಿ ನಾನಿದನ್ನು ನಂಬುವುದಿಲ್ಲ. ಅಲ್ಲಿ ಸ್ಲಡ್ಜನ್ನು ದಿನಗಟ್ಟಲೆ ಕೊಳೆಯಲು ಬಿಡುತ್ತಾರೆ, ಹೀರಿದ ರಂಜಕ ಮತ್ತೆ ಕರಗಿ, ಸ್ಲಡ್ಜ್ ಹಿಂಡುವ ಫಿಲ್ಟರ್ ಪ್ರೆಸ್ಸಿನ ನೀರಿನೊಂದಿಗೆ ಮೊದಲ ತೊಟ್ಟಿಗೇ ಬರುತ್ತದೆ. ಕೆರೆಗೆ ಬಿಡುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ರಂಜಕದ ಮಿತಿ ಮುಟ್ಟಬೇಕಿದ್ದರೆ ಆಲಂ (ಪಟಿಕ) ಅಥವಾ ಫೆರಿಕ್ ಕ್ಲೋರೈಡ್ ಹಾಕಿ ಅದನ್ನು ಸ್ಲಡ್ಜ್‌ಗೆ ಇಳಿಸಿ ಎನ್ನುತ್ತೇನೆ. ಆಲಂ ಕೂಡ ಕ್ಷಾರತೆ ತಿನ್ನುತ್ತದೆ, ಪಿಎಚ್ ಮೇಲೆ ಕಣ್ಣಿರಲಿ.

ಆ ಅಪಾರ್ಟ್‌ಮೆಂಟಿನಲ್ಲಿ ಏರೇಷನ್ ಟ್ಯಾಂಕಿನ ಮೊದಲ ಮೂರನೇ ಒಂದು ಭಾಗಕ್ಕೆ ಅಡ್ಡಗೋಡೆ ಕಟ್ಟಿಸಿ, ಅಲ್ಲಿನ ಗಾಳಿ ನಿಲ್ಲಿಸಿ, ಕಲಕುವ ಯಂತ್ರವನ್ನೂ ಮರಳಿ ಕಳಿಸುವ ಪಂಪನ್ನೂ ಹಾಕಿಸಿದೆವು. ಎರಡನೇ ಬ್ಲೋವರ್ ಈಗ ನಿಂತಿದೆ. ಆಪರೇಟರ್ ದಿನಾ ಬೆಳಿಗ್ಗೆ ಜಾಡಿ ತುಂಬಿಸಿಡುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಬಂದಾಗಲೂ ಸ್ಲಡ್ಜ್ ತಳದಲ್ಲೇ ಇರುತ್ತದೆ.