ಫೋಟೋದಲ್ಲಿ ಬಾರದ ಬೇವಿನ ಗಿಡ

"ಆರಾಮ್ ಅದೀನ್ರಿ." ನಮ್ಮ ಹುಬ್ಬಳ್ಳಿ ಓಣಿಗೆ ಗದಗ ಕಡೆಯಿಂದ ಗುಳೆ ಬಂದಿದ್ದ ಅಕ್ಕ ವರ್ಷಗಟ್ಟಲೆ ನನಗೆ ಹೇಳಿದ್ದು ಇಷ್ಟೇ. ಒಂದು ದಿನ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಮದುವೆ ಫೋಟೋ ತೆಗೆದರು. ಫೋಟೋ ಮೇಲಲ್ಲ, ಅದರ ಪಕ್ಕದ ಬರಿ ನೆಲದ ಮೇಲೆ ಬೆರಳಿಟ್ಟು, "ಇಲ್ಲೊಂದು ಬೇವಿನ ಗಿಡ ಇತ್ರೀ, ಫೋಟೋದಾಗ ಬಂದಿಲ್ಲ" ಅಂದರು. ಆಮೇಲೆ ಒಂದು ತಾಸು ಮಾತು ನಿಲ್ಲಲಿಲ್ಲ. ಮಾರಿದ ಹೊಲ, ಬತ್ತಿದ ಬೋರು, ತೀರಿಹೋದ ಅಪ್ಪ, ಎಲ್ಲ ಬಂತು.

ದೇಶ ಬಿಟ್ಟು ಬಂದ ವಲಸಿಗರ ಜೊತೆ ಆಪ್ತಸಮಾಲೋಚಕರು ಫೋಟೋ ಇಟ್ಟುಕೊಂಡು ಕೂರುವುದೂ ಇದಕ್ಕೇ. "ನಿಮಗೇನು ಕಷ್ಟ?" ಅಂದರೆ ಬಾಯಿ ಕಟ್ಟುತ್ತದೆ. "ಈ ಬಾಗಿಲು ಯಾರದು?" ಅಂದರೆ ಉತ್ತರ ಸಲೀಸು. ಭಾಷೆ ಅರೆಬರೆ ಇದ್ದರೂ ಬೆರಳು ತೋರಿಸಬಹುದಲ್ವಾ?

ಈ ದಾರಿ ಶುರುವಾದದ್ದು ಮಾತ್ರ ಬೇರೆ ಥರ. 1850ರ ದಶಕದಲ್ಲಿ ಇಂಗ್ಲೆಂಡಿನ ಸರ್ರೆಯ ಹುಚ್ಚಾಸ್ಪತ್ರೆಯಲ್ಲಿ ಡಾ. ಹ್ಯೂ ಡೈಮಂಡ್ ರೋಗಿಗಳ ಫೋಟೋ ತೆಗೆದರು. ಮುಖ ನೋಡಿ ಕಾಯಿಲೆ ಗುರುತಿಸಬಹುದು ಅಂತ ನಂಬಿದ್ದರು. ತಮ್ಮದೇ ಫೋಟೋ ನೋಡಿದರೆ ರೋಗಿಗೆ ಅನುಕೂಲ ಅಂತಲೂ ಹೇಳಿದರು. ಆದರೆ ಕ್ಯಾಮೆರಾ ಡಾಕ್ಟರ ಕೈಯಲ್ಲಿತ್ತು, ಅರ್ಥ ಹೇಳುವವರೂ ಅವರೇ.

ಅದು ತಿರುಗಲು ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಕೆನಡಾದ ಮನಶ್ಶಾಸ್ತ್ರಜ್ಞೆ ಜೂಡಿ ವೈಸರ್ 1982ರಲ್ಲಿ ವ್ಯಾಂಕೂವರ್‌ನಲ್ಲಿ ಫೋಟೋಥೆರಪಿ, ಅಂದರೆ ಫೋಟೋ ಇಟ್ಟುಕೊಂಡು ಮಾತಾಡಿಸುವ ಚಿಕಿತ್ಸೆಯ ಕೇಂದ್ರ ತೆರೆದರು. ಚಿಕಿತ್ಸೆಗೆ ಬಂದವರ ಮನೆಯ ಆಲ್ಬಮ್, ಅವರೇ ತೆಗೆದ ಫೋಟೋ, ಅವರನ್ನು ಬೇರೆಯವರು ತೆಗೆದ ಫೋಟೋ, ಯಾವುದಾದರೂ ಸರಿ. ಅದರ ಅರ್ಥವನ್ನು ತಂದವರೇ ಹೇಳಬೇಕು. ಕೇಳುವವರು ಸುಮ್ನೆ ಕೇಳಬೇಕು. 1990ರ ದಶಕದಲ್ಲಿ ಸಂಶೋಧಕಿಯರಾದ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್‌ನ ಹಳ್ಳಿ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟರು. ಅದು ಚಿಕಿತ್ಸೆಯಲ್ಲ, ತಮ್ಮ ಬದುಕನ್ನು ತಾವೇ ತೋರಿಸುವ ಕೆಲಸ. ಫೋಟೋವಾಯ್ಸ್ ಅನ್ನುವ ಆ ವಿಧಾನ ಮುಂದೆ ವಲಸಿಗರು, ನಿರಾಶ್ರಿತರ ನಡುವೆಯೂ ಹಬ್ಬಿತು.

ಉಟ್ಟ ಬಟ್ಟೆಯಲ್ಲೇ ಓಡಿಬಂದವರ ಹತ್ತಿರ ಫೋಟೋ ಎಲ್ಲಿಂದ ಬರಬೇಕು? ಹುಬ್ಬಳ್ಳಿಗೆ ಹತ್ತಿರದ ಮುಂಡಗೋಡಿನಲ್ಲಿ 1966ರಿಂದ ನೆಲೆಸಿದ ಟಿಬೆಟಿನ ಹಿರಿಯರನ್ನು ನೆನೆದರೆ ಇದು ತಿಳಿಯುತ್ತದೆ. ಅಂಥವರ ಮುಂದೆ ಬೆಟ್ಟ, ಒಲೆ, ದಾರಿಯಂಥ ಚಿತ್ರಗಳನ್ನು ಹರಡಿ, ಒಂದನ್ನು ಆರಿಸಲು ಹೇಳಬಹುದು.

ನಮ್ಮಲ್ಲಿ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವವರ ಕಿಸೆಯಲ್ಲಿ ಈಗ ಮೊಬೈಲಿದೆ, ಅದರ ತುಂಬ ಊರಿದೆ. ಅದನ್ನು ತೋರಿಸಿ ಅಂತ ಕೂತು ಕೇಳುವವರು ಇಲ್ಲಿ ಇನ್ನೂ ಬೇಕು. ಆದರೆ ಫೋಟೋ ಗಾಯವನ್ನೂ ಕೆದಕುತ್ತದೆ. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದು ಅವರ ಕೈಯಲ್ಲೇ ಇರಬೇಕು.

ಅಕ್ಕನ ಚೀಲದಲ್ಲಿ ಅಪ್ಪನ ಫೋಟೋವೂ ಇತ್ತು. "ಐತ್ರಿ" ಅಂದರು, ಚೀಲ ಸುತ್ತಿ ಮತ್ತೆ ಟ್ರಂಕಿಗಿಟ್ಟರು. ನಾನು ಕೇಳಲಿಲ್ಲ.