ವಾರ್ಡಿನಲ್ಲಿ ಹೇಸಿಗೆ ಪಳಗುವ ಬಗೆ

ನರ್ಸಿಂಗ್ ಓದಲು ಸೇರಿದವರಲ್ಲಿ ಹಲವರು ಅಂಗರಚನಾಶಾಸ್ತ್ರದ ಪಾಠಕ್ಕಾಗಲಿ, ಔಷಧದ ಪ್ರಮಾಣದ ಲೆಕ್ಕಕ್ಕಾಗಲಿ ಅಷ್ಟಾಗಿ ಅಂಜುವುದಿಲ್ಲ. ಮೊದಲ ಬಾರಿಗೆ ಬೆಡ್‌ಪ್ಯಾನ್ ಎತ್ತುವಾಗ, ವಾಂತಿ ಒರೆಸುವಾಗ, ಗಂಟಲಿಗೆ ಕೊಳವೆ ಹಾಕಿರುವ ರೋಗಿಯ ಕಫವನ್ನು ಸಕ್ಷನ್ ಯಂತ್ರದಿಂದ ಹೀರಿ ತೆಗೆಯುವಾಗ ತಮ್ಮ ಮೈ ಹೇಗೆ ವರ್ತಿಸೀತು ಎಂಬ ಅಳುಕು ಮಾತ್ರ ಅವರನ್ನು ಒಳಗೊಳಗೇ ಕಾಡುತ್ತಿರುತ್ತದೆ. ಸೇವಾಭಾವ ಉಳ್ಳವರಿಗೆ ಹೇಸಿಗೆಯಾಗಬಾರದು ಎಂಬ ನಂಬಿಕೆ ಗಟ್ಟಿಯಾಗಿರುವುದರಿಂದ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಆ ನಂಬಿಕೆಗೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಓಕರಿಕೆ ಬಂದ ವಿದ್ಯಾರ್ಥಿಯ ಕರುಣೆಗೆ ಏನೂ ಕೊರತೆಯಾಗಿರುವುದಿಲ್ಲ. ಅವರ ಮಿದುಳು ಮತ್ತು ಜಠರ ತಮಗೆ ತಿಳಿದ ಕೆಲಸವನ್ನು ಮಾಡಿರುತ್ತವೆ, ಅಷ್ಟೆ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ನನಗೆ ಇವೆಲ್ಲ ಆಗುವುದಿಲ್ಲ’ ಎನ್ನುವವರಲ್ಲಿ ಎರಡು ಬೇರೆ ಬೇರೆ ಗುಂಪುಗಳಿವೆ. ಮಲ, ಕಫ, ಕೀವು ಕಂಡಾಗ ಹೊಟ್ಟೆ ತೊಳಸಿ ಓಕರಿಕೆ ಬರುವವರು ಒಂದು ಗುಂಪಿನವರು; ರಕ್ತವನ್ನೋ ಸೂಜಿಯನ್ನೋ ಕಂಡು ಕಣ್ಣು ಕತ್ತಲಿಟ್ಟು ಕುಸಿಯುವವರು ಇನ್ನೊಂದು ಗುಂಪಿನವರು. ಹಿರಿಯರು ಇಬ್ಬರಿಗೂ ‘ಅಭ್ಯಾಸವಾಗುತ್ತದೆ ಬಿಡಿ’ ಎಂದು ಒಂದೇ ಸಮಾಧಾನ ಹೇಳಿ ಮುಂದೆ ಸಾಗುವುದು ಸರಿಯಲ್ಲ, ಏಕೆಂದರೆ ಎರಡರ ಹಿಂದಿರುವ ದೈಹಿಕ ಕ್ರಿಯೆಯೂ ಬೇರೆ, ಪರಿಹಾರವೂ ಬೇರೆ.

ರಕ್ತ ಕಂಡು ಕುಸಿಯುವವರಲ್ಲಿ ಹೃದಯ ಬಡಿತ ಮತ್ತು ರಕ್ತದೊತ್ತಡ ಮೊದಲು ಏರುತ್ತವೆ. ಆಮೇಲೆ ಹೃದಯ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಪ್ರಭಾವ ಹೆಚ್ಚಿ, ಕಾಲಿನ ರಕ್ತನಾಳಗಳು ಸಡಿಲಗೊಂಡು, ಎರಡೂ ಒಮ್ಮೆಲೇ ಇಳಿಯುತ್ತವೆ. ಮಿದುಳಿಗೆ ರಕ್ತ ಸಾಲದೆ ಪ್ರಜ್ಞೆ ತಪ್ಪುತ್ತದೆ. ಬೇರೆ ಬಗೆಯ ಭಯಗಳಲ್ಲಿ ಒತ್ತಡ ಏರಿಯೇ ಇರುತ್ತದೆಯಾದ್ದರಿಂದ ಹಾವು ಕಂಡವರು ಓಡುತ್ತಾರೆಯೇ ಹೊರತು ಸಾಮಾನ್ಯವಾಗಿ ಮೂರ್ಛೆ ಹೋಗುವುದಿಲ್ಲ. ಹೀಗಾಗಿ ‘ಮೈ ಸಡಿಲ ಬಿಡಿ, ಆರಾಮವಾಗಿರಿ’ ಎಂಬ ಉಪದೇಶ ಇವರ ಪಾಲಿಗೆ ತಿರುಗುಬಾಣವಾಗಬಹುದು. ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ವಿಧಾನ ಇದಕ್ಕೆ ತದ್ವಿರುದ್ಧವಾಗಿದೆ. ತೋಳು, ಎದೆ ಮತ್ತು ಕಾಲಿನ ಸ್ನಾಯುಗಳನ್ನು ಮುಖ ಬೆಚ್ಚಗಾಗುವವರೆಗೆ, ಅಂದರೆ 10ರಿಂದ 15 ಸೆಕೆಂಡು ಬಿಗಿಹಿಡಿದು, 20ರಿಂದ 30 ಸೆಕೆಂಡು ಸಡಿಲಿಸಿ, ಇದನ್ನು ಐದು ಬಾರಿ ಮಾಡಬೇಕು. ಬಿಗಿದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳಿ ಒತ್ತಡ ಇಳಿಯದಂತೆ ತಡೆಯುತ್ತವೆ. ತಲೆ ಹಗುರಾದಂತೆ, ಕಿವಿ ಗುಂಯ್‌ಗುಟ್ಟಿದಂತೆ ಅನ್ನಿಸಿದ ಕೂಡಲೇ ಇದನ್ನು ಆರಂಭಿಸಲು ಕಲಿತರೆ ಬೀಳುವ ಸಂಭವ ಬಹಳಷ್ಟು ಕಡಿಮೆಯಾಗುತ್ತದೆ. ಅಷ್ಟಕ್ಕೂ ಬೀಳುವಂತೆ ಅನ್ನಿಸಿದರೆ ಪಕ್ಕದವರಿಗೆ ಹೇಳಿ ನೆಲದ ಮೇಲೆ ಕುಳಿತುಕೊಳ್ಳುವುದು ಲೇಸು, ಏಕೆಂದರೆ ಪೆಟ್ಟು ಬೀಳುವುದು ಮೂರ್ಛೆಯಿಂದಲ್ಲ, ನಿಂತಲ್ಲಿಂದ ಬೀಳುವುದರಿಂದ.

ಇನ್ನುಳಿದದ್ದು ಹೇಸಿಗೆ. 1872ರಲ್ಲಿ ಚಾರ್ಲ್ಸ್ ಡಾರ್ವಿನ್ ಭಾವಗಳ ಅಭಿವ್ಯಕ್ತಿಯನ್ನು ಕುರಿತು ಬರೆದಾಗ ಮೂಗು ಸುಕ್ಕಾಗುವುದು, ಮೇಲ್ದುಟಿ ಏಳುವುದು, ಬಾಯಿ ಏನನ್ನೋ ಉಗುಳುವಂತೆ ತೆರೆಯುವುದು ಇವನ್ನೆಲ್ಲ ಗಮನಿಸಿ, ಇದು ಮೂಲತಃ ಬಾಯಿರುಚಿಗೆ ಸಂಬಂಧಿಸಿದ ಭಾವವೆಂದು ಸೂಚಿಸಿದ್ದರು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಲಂಡನ್ನಿನ ವಿಜ್ಞಾನಿ ವ್ಯಾಲರಿ ಕರ್ಟಿಸ್ ತಂಡ ಸುಮಾರು 40,000 ಜನರಿಗೆ ಜೋಡಿ ಚಿತ್ರಗಳನ್ನು ತೋರಿಸಿತು. ಒಂದರಲ್ಲಿ ತಟ್ಟೆಯ ಮೇಲೆ ನೀಲಿ ದ್ರವ, ಇನ್ನೊಂದರಲ್ಲಿ ದೇಹದಿಂದ ಸ್ರವಿಸಿದಂತೆ ಕಾಣುವ ಅದೇ ದ್ರವ. 2004ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಸೋಂಕಿನ ಸುಳಿವಿದ್ದ ಚಿತ್ರಗಳೇ ಹೆಚ್ಚು ಹೇಸಿಗೆ ತರಿಸಿದವು. ರೋಗಾಣುಗಳು ಕಣ್ಣಿಗೆ ಕಾಣದ ಕಾಲದಲ್ಲಿ ಅವುಗಳ ವಾಹಕಗಳಿಂದ ದೂರವಿರಿಸಲು ವಿಕಾಸ ರೂಪಿಸಿದ ಒರಟು ಕಾವಲು ಇದು ಎಂಬುದು ಇಂದಿನ ಪ್ರಬಲ ವಿವರಣೆ.

ಒರಟು ಎಂದದ್ದಕ್ಕೆ ಕಾರಣವಿದೆ. ದಿನಕ್ಕೆ ಒಂದು ಲೀಟರಿನ ಆಸುಪಾಸು ಎಂಜಲನ್ನು ನಾವು ಯೋಚಿಸದೆ ನುಂಗುತ್ತೇವೆ, ಆದರೆ ಸ್ವಂತ ಎಂಜಲನ್ನೇ ಲೋಟಕ್ಕೆ ಉಗುಳಿ ಕುಡಿಯಿರಿ ಎಂದರೆ ಯಾರೂ ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಈ ಕಾವಲು ಇನ್ನಷ್ಟು ಎಡವುತ್ತದೆ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಸೋಂಕು ತಡೆಗೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1980ರ ದಶಕದ ಕೊನೆಯಲ್ಲಿ ಸಾರ್ವತ್ರಿಕ ಮುಂಜಾಗ್ರತೆಯ ನಿಯಮಗಳನ್ನು, ಅಂದರೆ ಯಾವ ರೋಗಿಯ ರಕ್ತವನ್ನಾದರೂ ಸೋಂಕಿತವೆಂದೇ ಎಣಿಸಿ ನಡೆದುಕೊಳ್ಳುವ ನಿಯಮಗಳನ್ನು, ಹೊರಡಿಸಿದಾಗ, ಕಣ್ಣಿಗೆ ಕಾಣುವಂತೆ ರಕ್ತ ಬೆರೆಯದ ಹೊರತು ಮಲ, ಮೂತ್ರ, ಕಫ, ವಾಂತಿಗಳಿಗೆ ಅವು ಅನ್ವಯಿಸುವುದಿಲ್ಲವೆಂದು ಸ್ಪಷ್ಟಪಡಿಸಿತ್ತು. ವಿದ್ಯಾರ್ಥಿಗಳು ಅತಿ ಹೆಚ್ಚು ಹೇಸುವ ವಸ್ತುಗಳೇ ಆ ಎರಡು ವೈರಸ್‌ಗಳ ಮಟ್ಟಿಗೆ ಅಪಾಯದ ಪಟ್ಟಿಯಲ್ಲಿ ಹಿಂದಿನ ಸಾಲಿನಲ್ಲಿದ್ದವು. ಬೇರೆ ಸೋಂಕುಗಳನ್ನೂ ಲೆಕ್ಕಕ್ಕೆ ಹಿಡಿದು, 1996ರಲ್ಲಿ ಬೆವರೊಂದನ್ನು ಬಿಟ್ಟು ಎಲ್ಲ ಸ್ರಾವಗಳನ್ನೂ ಒಳಗೊಂಡ ನಿಯಮ ಬಂತು. ಇತ್ತ ಬಳಸಿದ ಸೂಜಿಯ ತುದಿಯಲ್ಲಿರುವ ಕಾಣದಷ್ಟು ರಕ್ತ ಯಾರಿಗೂ ವಾಕರಿಕೆ ತರಿಸುವುದಿಲ್ಲ, ಸ್ವಚ್ಛವಾಗಿ ಕಾಣುವ ಕೈಯೂ ತರಿಸುವುದಿಲ್ಲ. ಹೇಸಿಗೆಯನ್ನೇ ಅಪಾಯದ ಅಳತೆಗೋಲು ಮಾಡಿಕೊಂಡವರು ವಾಂತಿ ಒರೆಸಿ ಮೂರು ಬಾರಿ ಕೈ ತೊಳೆದು, ಒಬ್ಬ ರೋಗಿಯ ನಾಡಿ ಹಿಡಿದು ಇನ್ನೊಬ್ಬರ ಬಳಿಗೆ ಹಾಗೆಯೇ ಹೋಗಿಬಿಡುತ್ತಾರೆ. ಅಳತೆಯ ಕೆಲಸವನ್ನು ಭಾವದಿಂದ ಕಿತ್ತು ನಿಯಮಕ್ಕೆ ಒಪ್ಪಿಸುವುದೇ ಈ ತರಬೇತಿಯ ಮೊದಲ ಪಾಠವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಅಭ್ಯಾಸವಾಗುತ್ತದೆ ಎಂಬ ಮಾತು ಸುಳ್ಳೇ? ಸುಳ್ಳಲ್ಲ, ಆದರೆ ಅದು ಜನರು ತಿಳಿದಿರುವಷ್ಟು ವ್ಯಾಪಕವಾಗಿ ಆಗುವುದಿಲ್ಲ. ಹೇಸಿಗೆಯ ಕುರಿತು ದಶಕಗಳ ಕಾಲ ಪ್ರಯೋಗ ನಡೆಸಿದ ಮನಃಶಾಸ್ತ್ರಜ್ಞ ಪಾಲ್ ರೋಜಿನ್, ವೈದ್ಯಕೀಯ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ನಡೆಯುವ ಶವವಿಚ್ಛೇದನಕ್ಕೆ ಮೊದಲು ಮತ್ತು ಆಮೇಲೆ ಪ್ರಶ್ನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ತಣ್ಣನೆಯ ಶವವನ್ನು ಮುಟ್ಟುವ ಕುರಿತ ಹೇಸಿಗೆ ಕಡಿಮೆಯಾಗಿತ್ತು. ಆಗತಾನೇ ಸತ್ತು ಇನ್ನೂ ಬೆಚ್ಚಗಿರುವ ದೇಹದ ಕುರಿತದ್ದು ಹಾಗೆ ಇಳಿದಿರಲಿಲ್ಲ. ಇಷ್ಟು ಹತ್ತಿರದ ಎರಡು ಸಂಗತಿಗಳ ನಡುವೆಯೇ ಅಭ್ಯಾಸ ದಾಟಿಹೋಗದಿರುವಾಗ, ಮೂತ್ರದ ಚೀಲಕ್ಕೆ ಒಗ್ಗಿದ ವಿದ್ಯಾರ್ಥಿ ಕಫ ಕಂಡು ಓಕರಿಸಿದರೆ ಅದರಲ್ಲಿ ಅಚ್ಚರಿಪಡುವಂಥದ್ದೇನಿಲ್ಲ. ಅನುಭವಿ ನರ್ಸುಗಳಲ್ಲೂ ‘ಬೇರೆ ಏನಾದರೂ ಸರಿ, ಕಫ ಮಾತ್ರ ಬೇಡ’ ಎನ್ನುವವರು ಸಿಗುತ್ತಾರೆ. ಒಂದೊಂದು ಸ್ರಾವವನ್ನೂ ಪ್ರತ್ಯೇಕವಾಗಿ ಎದುರಿಸಿ ಕಲಿಯಬೇಕಾಗುತ್ತದೆ, ಮತ್ತು ಭಯಕ್ಕೆ ಹೋಲಿಸಿದರೆ ಹೇಸಿಗೆ ನಿಧಾನವಾಗಿಯೇ ಕರಗುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿವೆ.

ಹೇಸಿಗೆಯಲ್ಲಿ ಜಠರದ ಪಾತ್ರ ಎಷ್ಟಿದೆ ಎಂಬುದಕ್ಕೆ 2021ರಲ್ಲಿ ಪ್ರಕಟವಾದ ಕೇಂಬ್ರಿಜ್ ಸಂಶೋಧಕರ ಪ್ರಯೋಗವೊಂದು ಸ್ವಾರಸ್ಯಕರ ಸುಳಿವು ಕೊಟ್ಟಿದೆ. ವಾಕರಿಕೆ ತಡೆಯುವ ಡೊಂಪೆರಿಡೋನ್ ಗುಳಿಗೆ ತೆಗೆದುಕೊಂಡವರು ಮೊದಲಿಗೆ ಹೇಸಿಗೆಯ ಚಿತ್ರಗಳಿಂದ ಇತರರಷ್ಟೇ ಕಣ್ಣು ತಪ್ಪಿಸಿದರು. ಆದರೆ ಹಣದ ಆಮಿಷದಿಂದ ಅವುಗಳನ್ನು ನೋಡುವಂತೆ ಮಾಡಿದ ಮೇಲೆ, ಆಮಿಷ ನಿಂತ ನಂತರವೂ ಅವರು ಹೆಚ್ಚು ಹೊತ್ತು ನೋಡಿದರು. ಗುಳಿಗೆ ನುಂಗಿ ವಾರ್ಡಿಗೆ ಹೋಗಿ ಎಂದು ಇದರ ಅರ್ಥವಲ್ಲ; ಆ ಔಷಧಕ್ಕೆ ಹೃದಯಸಂಬಂಧಿ ಅಡ್ಡಪರಿಣಾಮಗಳಿವೆ. ಕೇವಲ ಎದುರಿಗಿರುವುದು ಸಾಲದು, ನೋಡಲು ಒಂದು ಕಾರಣವೂ ಬೇಕು ಎಂಬ ಅಂಶ ನಮಗೆ ಮುಖ್ಯ.

ವಾರ್ಡಿನಲ್ಲಿ ಆ ಕಾರಣ ಹುಡುಕದೆಯೇ ಸಿಗುತ್ತದೆ. ವಾಂತಿಯಲ್ಲಿ ಕಾಫಿಪುಡಿಯಂಥ ಕಣಗಳಿದ್ದರೆ ಜಠರದ ಆಮ್ಲದೊಡನೆ ಬೆರೆತ ರಕ್ತ ಇರಬಹುದು. ನವಜಾತ ಶಿಶು ಹಸಿರು ವಾಂತಿ ಮಾಡಿದರೆ ಕರುಳು ಕಟ್ಟಿಕೊಂಡಿರುವ ಸಂಶಯದಿಂದ ತಕ್ಷಣ ವೈದ್ಯರನ್ನು ಕರೆಯಬೇಕು. ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ ಜೀರ್ಣಾಂಗದ ಮೇಲ್ಭಾಗದ ರಕ್ತಸ್ರಾವವನ್ನು ಸೂಚಿಸುತ್ತದೆ. ಬ್ರಿಸ್ಟಲ್ ನಗರದ ವೈದ್ಯರು 1997ರಲ್ಲಿ ಪ್ರಕಟಿಸಿದ ಮಾಪನವು ಮಲವನ್ನು ರೂಪದ ಆಧಾರದಲ್ಲಿ ಏಳು ಬಗೆಗಳಾಗಿ ವಿಂಗಡಿಸುತ್ತದೆ, ಮತ್ತು ಆ ಏಳರಲ್ಲಿ ಇದು ಯಾವುದು ಎಂದು ನಿರ್ಧರಿಸಲು ಹೊರಟ ವಿದ್ಯಾರ್ಥಿ ಅರಿವಿಲ್ಲದೆಯೇ ಮುಖ ತಿರುಗಿಸುವುದನ್ನು ನಿಲ್ಲಿಸುತ್ತಾರೆ. ಮೂತ್ರದ ಪ್ರಮಾಣ ವಯಸ್ಕರಲ್ಲಿ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.5 ಮಿಲಿಲೀಟರಿಗಿಂತ ಕೆಳಗಿಳಿದರೆ, ಅಂದರೆ 60 ಕಿಲೋ ತೂಗುವವರಲ್ಲಿ 30 ಮಿಲಿಲೀಟರಿಗಿಂತ ಕಡಿಮೆಯಾದರೆ, ಮೂತ್ರಪಿಂಡಕ್ಕೆ ರಕ್ತ ಸಾಲುತ್ತಿಲ್ಲವೇನೋ ಎಂದು ಶಂಕಿಸಬೇಕು. ಮೂತ್ರದ ಚೀಲವನ್ನು ಖಾಲಿ ಮಾಡಲು ವಿದ್ಯಾರ್ಥಿಯನ್ನು ಕಳಿಸುವುದಕ್ಕೂ ಅದನ್ನು ಅಳೆದು, ಬಣ್ಣ ನೋಡಿ, ಬರೆದು, ಅದರ ಅರ್ಥ ಹೇಳಲು ಕಳಿಸುವುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ವಿದ್ಯಾರ್ಥಿಗೆ ಹೇಸಿಗೆಯನ್ನು ಬಿಟ್ಟು ಗಮನಿಸಲು ಬೇರೇನೂ ಇರುವುದಿಲ್ಲ. ಕಲಿಸುವವರು ಇದೊಂದನ್ನು ಬದಲಿಸಿಕೊಂಡರೆ ಅರ್ಧ ತೊಂದರೆ ನೀಗುತ್ತದೆಂದು ನಾನು ಭಾವಿಸುತ್ತೇನೆ.

ವಾಸನೆಯ ವಿಷಯ ಸ್ವಲ್ಪ ಬೇರೆ. ಕಣ್ಣು ತಪ್ಪಿಸಬಹುದು, ಉಸಿರು ತಪ್ಪಿಸಲಾಗದು. ವಾಸನೆಯ ಸಂಕೇತ ಭಾವಕೇಂದ್ರಗಳಿಗೆ ಇತರ ಇಂದ್ರಿಯಗಳ ಸಂಕೇತಗಳಿಗಿಂತ ನೇರವಾದ ದಾರಿಯಲ್ಲಿ ತಲುಪುತ್ತದೆ. ಸಮಾಧಾನದ ಸಂಗತಿಯೆಂದರೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಅದೇ ವಾಸನೆ ಮಂದವಾಗುತ್ತದೆ. ಮತ್ತೆ ಮತ್ತೆ ಹೊರಗೆ ಹೋಗಿ ಬರುವವರಿಗೆ ಪ್ರತಿ ಬಾರಿಯೂ ಅದು ಹೊಸದಾಗಿ ಹೊಡೆಯುವುದು ಈ ಕಾರಣಕ್ಕೇ. ಮಾಸ್ಕಿನೊಳಗೆ ಮೆಂಥಾಲ್ ಸವರಿಕೊಳ್ಳುವ ರೂಢಿ ಕೆಲವರಲ್ಲಿದೆ. ಅದು ತಂಪಿನ ಅನುಭವದಿಂದ ಗಮನ ಸೆಳೆಯುತ್ತದೆಯೇ ಹೊರತು ಮೂಗನ್ನು ಮುಚ್ಚಿಬಿಡುವುದಿಲ್ಲ. ಬಾಯಿಂದ ಉಸಿರಾಡುವುದು ಇನ್ನೂ ಸರಳ ಉಪಾಯ. ಕೊಳೆತ ಗಾಯಗಳ ವಿಷಯದಲ್ಲಂತೂ ವಾಸನೆಯ ಮೂಲವನ್ನೇ ತಗ್ಗಿಸಬಹುದು. ಅಲ್ಲಿ ಬೆಳೆಯುವ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಲು ವೈದ್ಯರು ಮೆಟ್ರೊನಿಡಜೋಲ್ ಜೆಲ್ ಬರೆದುಕೊಡುತ್ತಾರೆ, ಇದ್ದಿಲಿನ ಪದರವಿರುವ ಡ್ರೆಸ್ಸಿಂಗ್‌ಗಳೂ ಇವೆ. ಇದರ ಲಾಭ ನರ್ಸಿಗಿಂತ ಮೊದಲು ರೋಗಿಗೆ, ಏಕೆಂದರೆ ಆ ವಾಸನೆಯೊಡನೆ ದಿನವಿಡೀ ಇರಬೇಕಾದವರು ಅವರು.

ರೋಗಿ ನರ್ಸಿನ ಮುಖವನ್ನು ಓದುತ್ತಿರುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಕೆಟ್ಟ ವಾಸನೆ ಮೂಸಿದಾಗ ಮಿದುಳಿನ ಇನ್ಸುಲಾ ಎಂಬ ಭಾಗದ ಮುಂಬದಿ ಚುರುಕಾಗುತ್ತದೆ. ಬೇರೊಬ್ಬರ ಮುಖದಲ್ಲಿ ಹೇಸಿಗೆ ಕಂಡಾಗಲೂ ಅದೇ ಭಾಗ ಚುರುಕಾಗುತ್ತದೆಂದು 2003ರ ಮಿದುಳು ಸ್ಕ್ಯಾನ್ ಅಧ್ಯಯನವೊಂದು ತೋರಿಸಿತು. ಕರುಳಿನ ಶಸ್ತ್ರಚಿಕಿತ್ಸೆಯ ಬಳಿಕ ಹೊಟ್ಟೆಯ ಮೇಲೆ ತೆರೆದ ಸ್ಟೋಮಾ ಎಂಬ ದ್ವಾರದ ಮೂಲಕ ಚೀಲಕ್ಕೆ ಮಲ ವಿಸರ್ಜಿಸುವವರಲ್ಲಿ ಇದು ವಿಶೇಷವಾಗಿ ಮುಖ್ಯ. ಹೇಸಿಗೆಯ ಸ್ವಭಾವ ಹೆಚ್ಚಿರುವವರು ಆ ಬದುಕಿಗೆ ಹೊಂದಿಕೊಳ್ಳಲು ಹೆಚ್ಚು ಕಷ್ಟಪಡುತ್ತಾರೆ ಎಂದು 2007ರ ಅಧ್ಯಯನವೊಂದು ಕಂಡುಕೊಂಡಿದೆ. ಚೀಲವನ್ನು ಮೊದಲ ಸಲ ಬಿಚ್ಚುವಾಗ ಅವರು ಹೊಟ್ಟೆಯತ್ತ ನೋಡುವ ಮೊದಲು ಎದುರಿನವರ ಮುಖ ನೋಡುವುದುಂಟು. ಆಗ ಬಲವಂತದ ನಗು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಸ್ಟೋಮಾ ಕೆಂಪಾಗಿ ತೇವವಾಗಿದೆ, ರಕ್ತಸಂಚಾರ ಚೆನ್ನಾಗಿದೆ, ಸುತ್ತಲಿನ ಚರ್ಮ ಸುಲಿದಿಲ್ಲ ಎಂದು ಕಂಡದ್ದನ್ನು ಕಂಡಂತೆ ಹೇಳುತ್ತಾ ಹೋದರೆ ವಿದ್ಯಾರ್ಥಿಯ ಗಮನ ಕೆಲಸದ ಮೇಲೆ ನಿಲ್ಲುತ್ತದೆ, ರೋಗಿಗೂ ಏನನ್ನು ನೋಡಬೇಕೆಂಬುದು ತಿಳಿಯುತ್ತದೆ. ಕೆಲವು ದಿನಗಳ ನಂತರ ಮನೆಯಲ್ಲಿ ಆ ಚೀಲವನ್ನು ತಾವೇ ಬದಲಿಸಿಕೊಂಡು, ಬಣ್ಣ ಕಪ್ಪಾದರೆ ಕೂಡಲೇ ಆಸ್ಪತ್ರೆಗೆ ಬರಬೇಕಾದವರು ಅವರೇ.